ತಳಕ್ಕಿಳಿದ ನಾಣ್ಯ

ಬೆಂಕಿ ಆರಿಸುತ್ತೇನೆಂದು ಕೆಲಸಕ್ಕೆ ಸೇರಿದವನು
ಮಂಗಳವಾರ ಮಂಗಳವಾರ ಹಾಲು ಹೊರುತ್ತೇನೆ.
ಬೆಲೆಂ ಪಟ್ಟಣದ ಓಣಿಯಲ್ಲಿ ಕೆಂಪು ಗಾಡಿ ನಿಂತರೆ
ಮೊದಮೊದಲು ಜನ ತಲೆಯೆತ್ತಿ ಹೊಗೆ ಹುಡುಕುತ್ತಿದ್ದರು.
ಈಗ ಕೇಳುತ್ತಾರೆ:
ಜೆನಿವಾಲ್ದು, ಇವತ್ತೆಷ್ಟು ಸೀಸೆ?

ಪೆಟ್ಟಿಗೆಯಲ್ಲಿ ಮಂಜಿನ ಗಟ್ಟಿಗಳು, ಒಂದು ಉಷ್ಣಮಾಪಕ.
ಮುಚ್ಚಳ ತೆರೆದರೆ ಮುಖಕ್ಕೆ ಬಿಳಿ ಉಸಿರು.
ಬೇರೆ ದಿನ ಈ ಮುಖಕ್ಕೆ
ಬೇರೆಯದೇ ಉಸಿರು.

ರೊಸೆನಿಲ್ದಾಳ ಮನೆ ಮೂರನೇ ಮಹಡಿ, ಲಿಫ್ಟಿಲ್ಲ.
ಕಾಫಿಪುಡಿ ತೀರಿದ ಗಾಜಿನ ಸೀಸೆಗಳ
ಚೀಟಿ ಕೆರೆದು, ಕುದಿನೀರಲ್ಲಿ ಕಾಲುಗಂಟೆ ಮುಳುಗಿಸಿ,
ಒರೆಸದೆ, ಶುಭ್ರ ಬಟ್ಟೆಯ ಮೇಲೆ ಬೋರಲು ಹಾಕಿ
ತಾವಾಗಿ ಆರಲು ಬಿಡುತ್ತಾಳೆ.
ಮೊಣಕೈವರೆಗೆ ತೊಳೆದ ಕೈ, ಬಾಯಿಗೆ ಬಟ್ಟೆ.
ಹಾಲು ಹಿಂಡುವಾಗ ತುಟಿ ಬಿಚ್ಚುವುದಿಲ್ಲವಂತೆ.
‘ಅಷ್ಟು ಹೊತ್ತಾದರೂ ಮನೆ ತಣ್ಣಗಿರುತ್ತದೆ’
ಗಂಡ ನಗುತ್ತಾನೆ.
ಸೀಸೆಯ ಮೈಮೇಲೆ ನೀಲಿ ಶಾಯಿಯಲ್ಲಿ
ಮೊದಲ ಹನಿ ಬಿದ್ದ ತಾರೀಕು.
ಹದಿನೈದು ದಿನ ದಾಟಿದ್ದು ನಾನೆಂದೂ ಕಂಡಿಲ್ಲ.

ಈ ಸಲ ಬಾಗಿಲಲ್ಲೇ ತಡೆದಳು.
ಕಂಕುಳಲ್ಲಿ ಜನಾಯಿನಾ, ಕೆನ್ನೆ ತುಂಬ ಹಾಲುಂಡ ಸೊಕ್ಕು.
ಶನಿವಾರ, ಭಾನುವಾರ
ಅವರೆಲ್ಲ ದೋಣಿ ಹತ್ತಿ ಅಜ್ಜಿಯ ದ್ವೀಪಕ್ಕೆ ಹೋಗಿದ್ದರು.
ಫ್ರೀಜರಿನಲ್ಲಿ ನಾಲ್ಕು ಸೀಸೆ.
ಗೆಣ್ಣಿನಿಂದ ಬಡಿದೆ, ಕಲ್ಲು.
ಚೆನ್ನಾಗಿದೆಯಲ್ಲ, ಎಂದೆ.

ಹಿಂದಿನಿಂದ ಒಂದು ಲೋಟ ತೆಗೆದಳು.
ನೀರು ಹೆಪ್ಪುಗಟ್ಟಿಸಿ, ಮಂಜಿನ ನೆತ್ತಿಯ ಮೇಲೆ
ಹತ್ತು ಸೆಂತಾವಿನ ನಾಣ್ಯ ಇಟ್ಟುಹೋಗಿದ್ದಳು.
ಈಗದು ತಳದಲ್ಲಿ,
ಸತ್ತ ಮೀನಿನ ಕಣ್ಣಿನ ಹಾಗೆ ಮೇಲೆ ನೋಡುತ್ತಿತ್ತು.

ಕರೆಂಟು ಹೋಗಿದೆ. ಎಷ್ಟು ಹೊತ್ತೋ. ಬಂದಿದೆ.
ಎಲ್ಲ ಕರಗಿ, ಮತ್ತೆ
ಏನೂ ಆಗದವರ ಹಾಗೆ ಗಟ್ಟಿಯಾಗಿ ಕೂತಿದೆ.

ಆಸ್ಪತ್ರೆಯಲ್ಲಿ ಪರೀಕ್ಷಿಸುತ್ತಾರೆ, ಎಂದೆ,
ಕೆಟ್ಟಿದ್ದರೆ ಅವರೇ ಚೆಲ್ಲುತ್ತಾರೆ.
‘ನನ್ನದನ್ನು ಅವರೇಕೆ ಚೆಲ್ಲಬೇಕು?’

ಆ ಕೋಣೆ ನೆನಪಾಯಿತು ಆಗ,
ಗಾಜಿನ ತೊಟ್ಟಿಲು, ನನ್ನ ಕೈಗವಸಿನಷ್ಟೂ ಇಲ್ಲದ ಕೂಸು,
ಮೂಗಿಗಿಳಿದ ನಳಿಗೆಯಲ್ಲಿ
ಹೊತ್ತಿಗೆ ಎರಡೇ ಮಿಲಿ.
ದಾದಿ ಅದನ್ನು ಇಳಿಸುವಾಗ ಉಸಿರು ಹಿಡಿದಿದ್ದಳು.
ನಾನೂ.

ರೊಸೆನಿಲ್ದಾ ನಾಲ್ಕೂ ಸೀಸೆ ಸಿಂಕಿನಲ್ಲಿ ಸಾಲಾಗಿ ಇಟ್ಟಳು.
ಹದಿಮೂರು ದಿನದ ನಸುಕುಗಳು ಅವು.
ನಲ್ಲಿ ಬಿಟ್ಟಳು, ಬೆನ್ನು ತಿರುಗಿಸಿದಳು.
ಅಷ್ಟರಲ್ಲಿ ಜನಾಯಿನಾ ರಾಗ ತೆಗೆದಳು,
ಅಂಗಿಯ ಮೇಲೆರಡು ಒದ್ದೆ ಚುಕ್ಕೆ ಮೂಡಿ ಹರಡಿದವು.
ಎದೆಗೆ ಕರೆಂಟಿನ ಹಂಗಿಲ್ಲ.

ಖಾಲಿ ಸೀಸೆ ನಾಲ್ಕು ಕೊಟ್ಟೆ, ಮುಚ್ಚಳ ಪ್ಲಾಸ್ಟಿಕ್ಕಿನದೇ.
ಮುಂದಿನ ಮಂಗಳವಾರ, ಎಂದಳು, ಬಾಗಿಲು ಹಾಕಿಕೊಂಡಳು.

ಮೆಟ್ಟಿಲ ಮೇಲೆ ಕೂತು ನಮೂನೆ ತುಂಬಿದೆ.
ಹೆಸರು. ವಿಳಾಸ. ಪ್ರಮಾಣ:
ಸೊನ್ನೆ ಬರೆದೆ.
ದುಂಡಗೆ ಬಂತು.
ಕಾಗದದ ತಳದಲ್ಲಿ ಅದು ಹಾಗೇ ಕೂತಿತ್ತು,
ಸುಳ್ಳು ಹೇಳಲು ಬಾರದ್ದು.