ಟಿಪ್ಪಣಿ ಮೂವತ್ತೊಂದು

ಏಪ್ರಿಲ್ ಹನ್ನೆರಡು. ಕೂರ್ಗಳ್ಳಿಯ ಕೊನೆ ಬಸ್ಸೂ ಹೋಯಿತು.
ಮಾರ್ಚಿ ನನಗಿನ್ನೂ ಮುಗಿದಿಲ್ಲ.
ಮೂರು ಘಟಕಗಳ ಲೆಕ್ಕ ಒಂದೇ ಸೆರಗಿಗೆ ಗಂಟು ಹಾಕಬೇಕು,
ತಮ್ಮತಮ್ಮೊಳಗೇ ಮಾರಿಕೊಂಡದ್ದನ್ನು ಹೊಡೆದುಹಾಕಬೇಕು.
ನಂಜನಗೂಡಿನವರ ಎಂಟು ಸಾವಿರದ ವ್ಯತ್ಯಾಸ
ನೆಗ್ಗಿಲಮುಳ್ಳು, ಕಾಲಿಟ್ಟಲ್ಲೆಲ್ಲ ಚುಚ್ಚುತ್ತದೆ.

ಮೊತ್ತ ತಾಳೆಯಾಗುವುದು ದೊಡ್ಡ ಮಾತಲ್ಲ.
ತಾಳೆಯಾದದ್ದು ನಿಜವೇ ಎಂದು ಕೇಳಲಿಕ್ಕೆ
ನನಗೆ ಸಂಬಳ.

ಒಂದು ಟಿಪ್ಪಣಿ ಬಾಕಿ.
‘ಸಾಲವೆಂದು ಕಂಪನಿ ಒಪ್ಪದ ದಾವೆಗಳು.’
ಅಲ್ಲಿದ್ದಾನೆ ಬೆಳವಾಡಿಯ ನಂಜುಂಡಾಚಾರಿ,
ಪ್ರೆಸ್ಸಿಗೆ ಬಲಗೈಯ ಎರಡು ಬೆರಳು ಕೊಟ್ಟವನು.
ಇದ್ದಾನೆ ಅಂದೆ; ಹೆಸರಿಲ್ಲ.
ಆರು ಲಕ್ಷ ನಲವತ್ತು ಸಾವಿರ ಇದ್ದಾನೆ.
ಲಕ್ಷಗಳಲ್ಲಿ ಬರೆಯುವುದು ಪದ್ಧತಿ, ಹಾಗಾಗಿ
ಆರು ಬಿಂದು ನಾಲ್ಕು.

ವಕೀಲರ ಪತ್ರ: ಸೋತರೂ ಸೋಲಬಹುದು.
ಹಾಗಂದರೆ ಅಡಿಟಿಪ್ಪಣಿ ಸಾಕು.
ಸೋಲುವುದೇ ಹೆಚ್ಚು ಅಂದಿದ್ದರೆ ಖರ್ಚು, ಲಾಭದಲ್ಲಿ ಕಡಿತ.
ನಡುವಿನ ಜಾಗ ಎರಡು ಬೆರಳಗಲ.

‘ಈ ವರ್ಷ ಬೇಡ ಮೇಡಂ, ಬ್ಯಾಂಕಿನೋರು ನೋಡ್ತಾರೆ,’
ಫೋನಿನಲ್ಲಿ ನಿರ್ದೇಶಕರು; ಹಿಂದೆ ಮಗುವಿನ ಹುಟ್ಟುಹಬ್ಬದ ಗದ್ದಲ.

ಅವ್ವ ಕೆ.ಜಿ. ಕೊಪ್ಪಲಿನಲ್ಲಿ ಚೀಟಿ ನಡೆಸುತ್ತಿದ್ದಳು.
ಇನ್ನೂರು ಪುಟದ ನೋಟ್‌ಬುಕ್ಕು. ಮೊದಲು ಹೆಸರು, ಆಮೇಲೆ ಮೊತ್ತ,
ಅಂಚಿನಲ್ಲಿ ಷರಾ:
ಹೂವಿನ ಕೆಂಪಮ್ಮ, ಮಗಳ ಬಾಣಂತನ, ಈ ತಿಂಗಳು ಕೇಳಕೂಡದು.
ಎರಡು ಸಲ ತಾನೇ ಕೈಯಿಂದ ಕಟ್ಟಿದಳು, ಗೊಣಗುತ್ತ.
ಪ್ರಾವಿಷನ್ ಅಂದರೆ ಅವಳಿಗೆ ಮೂಲೆ ಅಂಗಡಿ,
ಅಕ್ಕಿ, ಬೇಳೆ, ಅರ್ಧ ಲೀಟರ್ ಕಡಲೆಕಾಯೆಣ್ಣೆ.

ಮಧ್ಯಾಹ್ನ ಮೆಂಟೆನೆನ್ಸ್ ರಿಜಿಸ್ಟರ್ ತರಿಸಿದ್ದೆ.
ಜಿಡ್ಡು ಹೆಬ್ಬೆಟ್ಟುಗಳ ನಡುವೆ, ಪೆನ್ಸಿಲಿನಲ್ಲಿ,
ಅಪಘಾತಕ್ಕೆ ಮೂರು ದಿನ ಮುಂಚಿನ ತಾರೀಖು:
‘ನಾಲ್ಕನೇ ಪ್ರೆಸ್. ಗಾರ್ಡ್ ಬಿಚ್ಚಿದೆ. ಸಾಮಾನು ಬಂದಿಲ್ಲ. ಓಡಿಸಿ ಎಂದರು.’
ಎಂದರು. ಯಾರು?
ಅದು ನನ್ನ ಕೆಲಸವಲ್ಲ.
ವಕೀಲರು ಈ ಪುಟ ನೋಡಿಲ್ಲ ಎನ್ನುವುದು ನನ್ನ ಕೆಲಸ.

ಪುಟದ ಫೋಟೊ ತೆಗೆದು ವಕೀಲರಿಗೆ ಕಳಿಸಿದೆ, ಆಡಿಟರಿಗೂ.
ಆಮೇಲೆ, ಯಾರ ಉತ್ತರಕ್ಕೂ ಕಾಯದೆ, ಖರ್ಚು ಬರೆದೆ.
ಒಂಬತ್ತು ಹಾಳೆಗಳಲ್ಲಿ ಅಂಕಿಗಳು
ಒಂದನ್ನೊಂದು ತಳ್ಳಿಕೊಂಡು ಸರಿದು ಕೂತವು,
ತುಂಬಿದ ಬಸ್ಸಿನಲ್ಲಿ ಒಬ್ಬರಿಗೆ ಸೀಟು ಮಾಡಿಕೊಟ್ಟ ಹಾಗೆ.
ನಾಳೆ ಒಂಬತ್ತಕ್ಕೆ ಫೋನು ಬರುತ್ತದೆ. ಬರಲಿ.

ನಂಜನಗೂಡಿನ ಎಂಟು ಸಾವಿರ ಇನ್ನೂ ಸಿಕ್ಕಿಲ್ಲ.
ಟಿಪ್ಪಣಿ ಮೂವತ್ತೊಂದು, ಈ ವರ್ಷ: ಇಲ್ಲ.
ಪಕ್ಕದ ಕಾಲಮ್ಮು, ಹೋದ ವರ್ಷದ್ದು, ತಿದ್ದುವಂತಿಲ್ಲ;
ಅದಕ್ಕೆ ಹೋದ ವರ್ಷವೇ ನನ್ನ ಸಹಿ ಬಿದ್ದಿದೆ.
ಅಲ್ಲಿ ಅವನು ಹಾಗೇ ನಿಂತಿದ್ದಾನೆ,
ಆರು ಬಿಂದು ನಾಲ್ಕು.