ಮೂರನೇ ಗಿಟಾರು

ಎಲೀಷ ಮಾಮಾನ ಬಲ್ಲಿ ಮೂರು ಗಿಟಾರಿದ್ದವು.

ಒಂದು ಚರ್ಚಿಂದು.
ಆದಿತ್ಯವಾರ ಮಾತ್ರ ಪೆಟ್ಟಿಗಿ ಬಿಟ್ಟು ಬರ್ತಿತ್ತು,
ಬೆನ್ನಿಗೆ ಮಿಷನ್ ಆಸ್ಪತ್ರೆಯ ಪ್ಲಾಸ್ಟರ್ ಪಟ್ಟಿ.
ಇನ್ನೊಂದು ಲಗ್ನದ ಆರ್ಕೆಸ್ಟ್ರಾದ್ದು;
ಅದರ ಹೊಟ್ಟಿಯೊಳಗ ಯಾರದೋ ಅಕ್ಷತೆ ಕಾಳು,
ಅಲುಗಿಸಿದರ ಇನ್ನೂ ಸದ್ದು.

ಮೂರನೇದು ಸಿನಿಮಾದ್ದು.
ತಂತಿ ಇಲ್ಲ.

ಮದ್ರಾಸಿನಿಂದ ಕಂಪನಿ ಬಂದಿತ್ತು.
ಅಮೆರಿಕದ ಬಯಲು ಬೇಕಿತ್ತು ಅವರಿಗೆ,
ಬೀದರಿನ ಕೆಂಪು ನೆಲ ಸಸ್ತಾ ಸಿಕ್ಕಿತು.
ಕೋಟಿ ಹಿಂದ ಹಲಗಿ ಊರು ನಿಲ್ಲಿಸಿದರು:
ಬ್ಯಾಂಕಿಗೆ ಮುಂದಿನ ಗ್ವಾಡಿ ಅಷ್ಟೇ,
ಜೇಲಿಗೆ ಬಾಗಿಲಷ್ಟೇ.
ಟಾಂಗಾದ ದುಲಾರಿಗೆ ಜೀನು ಬಿಗಿದರು;
ಅದೋ, ಶಾಟಿಗೊಮ್ಮೆ ತಿರುಗಿ
ಚೌಬಾರಾದ ಸ್ಟ್ಯಾಂಡಿನ ದಾರಿ ಹಿಡೀತಿತ್ತು.

ಮಾಮಾನದು ಹಾಡಕೋತ ಬರೋ ಪರದೇಶಿಯ ಪಾತ್ರ.
ಒಂದು ಹಾಡು, ಒಂದು ಗುಂಡು.
‘ತಂತಿ ಯಾಕಿಲ್ಲ?’
‘ಲೈಟಿಗೆ ಮಿಂಚ್ತಾವ. ನೀ ಸುಮ್ಮ ಬಾಯಿ ಆಡ್ಸು.’
ಮಾಮಾ ಖರೇನೇ ಹಾಡಿದ.
ಏಳು ಟೇಕು,
ಏಳೂ ಸಲ ಪೂರಾ ಗಂಟಲು ಬಿಟ್ಟು.
ಮೈಕಿರಲಿಲ್ಲ.
ದುಲಾರಿ ಮಾತ್ರ ಕಿವಿ ನಿಮಿರಿಸಿ ನಿಂತಿತ್ತು,
ಆ ಏಳು ಸಲ ಎಲ್ಲೂ ಹೋಗಲಿಲ್ಲ.

ಗುಂಡು ಹಾರಿತು. ಮಕಾಡಿ ಬಿದ್ದ.
ಕ್ಯಾಮೆರಾ ಮಾರಿ ಹತ್ತಿರ ಬಂತು.
ಸತ್ತವ ಉಗುಳಬಾರದು.
‘ಸಾಕು’ ಅನ್ನೋತನಕ
ಬಾಯಿತುಂಬ ಮಣ್ಣು ಇಟ್ಕೊಂಡೇ ಸತ್ತಿದ್ದ.

ಟಾಕೀಸಿಗೆ ಅರ್ಧ ಮಂಗಲಪೇಟೆ ಹೋಯ್ತು.
ತುಟಿ ಅವನದು, ದನಿ ಯಾರದೋ.
ತಂತಿಯಿಲ್ಲದ ಗಿಟಾರಿನೊಳಗಿಂದ
ಹತ್ತು ಪಿಟೀಲು ಎದ್ದು ಬಂದವು.
ಅತ್ತಿ ನಕ್ಕಳು.
ಆಮೇಲ ಸೆರಗಿನ ಅಂಚು ಎಣಿಸಕೋತ ಕೂತಳು.

ಹೊರಗ ಚಾದ ಅಂಗಡಿಯೊಳಗ ಎಲ್ಲರೂ ಏನೇನೋ ಅಂದ್ರು.
ಬಿದ್ರಿ ಕೆಲಸದ ಗೌಸೋದ್ದೀನ್ ಚಾಚಾ
ಬಸಿಯೊಳಗಿನ ಚಾ ಪೂರಾ ಕುಡಿದು ಕೇಳಿದ:
‘ಎಲ್ಲಿ ಬಿದ್ದಿದ್ದಿ? ರುಚಿ ಹ್ಯಾಂಗಿತ್ತು?’
ಕೋಟಿ ಮಣ್ಣು ನಾಲಿಗಿಗೆ ಹಚ್ಚಿ ಆರಿಸೋ ಮನುಷ್ಯಾ ಅವ;
ತಕ್ಕ ಮಣ್ಣು ಸಿಗದಿದ್ದರ
ಹೂಜಿ ಕರ್ರಗಾಗೋದಿಲ್ಲ, ಬೆಳ್ಳಿ ಏಳೋದಿಲ್ಲ.
‘ಕಟು,’ ಅಂದ ಮಾಮಾ. ‘ಹಿಂದಿಂದ ಉಪ್ಪುಪ್ಪು.’
‘ನಾಳಿ ಜಾಗಾ ತೋರ್ಸು.’

ಇಬ್ಬರೂ ಮುಂಜಾನೆ ಸೈಕಲ್ ಮ್ಯಾಲ ಹೋದರು,
ಹಲಗಿ ಊರು ಆಗಲೇ ಯಾರದೋ ಒಲಿ ಸೇರಿತ್ತು.
ಒಂದು ಚೀಲ ತಂದರು.

ಈಗ ಆ ಗಿಟಾರು ನನ್ನ ಬಲ್ಲಿ ಅದ.
ಅದರ ಆರು ಕಿವಿ ಬಿದ್ರಿಯವು,
ಕರ್ರಗ, ಒಂದೊಂದರ ಮ್ಯಾಲ ಬೆಳ್ಳಿಯ ಒಂದು ಎಲಿ.
ಹಿಂಡಿದರ ತಿರಗ್ತಾವ.
ತಂತಿ ಹಾಕಸು ಅಂತಾರ ಮಂದಿ.
ಹಾಕಸಿಲ್ಲ.