ಏಳು

ಸೊರಬದಾಚೆ ಬೆಂಕಿ ಕಾವಲಿನ ಕಾಡು.
ಬಂಡೆಯ ಹೊಟ್ಟೆಗಂಟಿದ ಕೆಮ್ಮಣ್ಣಿನ ಕಾಟಿ.
ಕಾಲು ಏಳು.

ಟೇಪು ಹಿಡಿದು ಬಂದ ಮೇಡಂ ಎರಡು ಸಲ ಎಣಿಸಿದರು:
‘ಒಂದರ ಮೇಲೊಂದು ಬರೆದಿರಬೇಕು, ಬೇರೆ ಬೇರೆ ಕಾಲದಲ್ಲಿ.’
ವಾಚರ್ ಗಾಮಪ್ಪ ಕವಳ ಉಗಿದು ಬಂದ.
‘ಕನಸಲ್ಲಿ ಓಡಿದ್ದೀರಾ, ಅಮ್ಮ?
ಎಷ್ಟು ಓಡಿದರೂ ನಿಂತಲ್ಲೇ.
ನಾಲ್ಕು ಸಾಲದೇ ಹೋಗಿವೆ ಅವನಿಗೆ.
ಬೆಳಗಾಗುವ ಮೊದಲೇ ಬಂದು ಬರೆದಿದ್ದಾನೆ,
ಮರೆತೀತು ಅಂತ.’

ಅವರು ಅದನ್ನು ಬರೆದುಕೊಳ್ಳಲಿಲ್ಲ.

ರಾತ್ರಿ, ಬಂಡೆಯಡಿ ಮಲಗಿದವನ ಮೂಗಿಗೆ ಹೊಗೆ.
ಗುಡ್ಡದ ನೆತ್ತಿಯ ಮೇಲೆ ಕೆಮ್ಮಣ್ಣು ಎಳೆದಂತೆ ಗೆರೆ;
ಒಣ ಎಲೆ ಚಟಪಟ,
ಯಾವುದೋ ಗೊರಸು ಪಕ್ಕದಲ್ಲೇ ದಡದಡ.
ಹಸಿಸೊಪ್ಪಿನ ಕಟ್ಟು ಕೈಯಲ್ಲಿದೆ. ಓಡಬೇಕು.
ಜೋಮು ಹಿಡಿದ ಮೀನಖಂಡಕ್ಕೆ ಗುದ್ದುತ್ತಾನೆ
ಎದ್ದಿದ್ದೇನೋ ಇಲ್ಲವೋ ತಿಳಿಯದೆ:
ಕಾಲೇ, ಏಳು. ಏಳು.